ಎಡಗಡೆಯ ಸ್ಪೀಕರು

"ಇನ್ನೊಂದು ಚೂರು ಎಡಕ್ಕೆ ಬರಲಿ," ಎಂದರು ಕನ್ನಡಕದವರು. ನೆಲದ ಮೇಲೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. "ತಲೆ ಕಡೆ ಹಿಡಿದು ಸರಿಸಿ. ಅಯ್ಯೋ, ಅಷ್ಟಲ್ಲ. ಸ್ವಲ್ಪ ವಾಪಸ್ಸು."

ಹೆಣ ಮಲಗಿಸಿದ್ದ ಮಂಚದ ಎರಡು ತುದಿ ಹಿಡಿದಿದ್ದ ಅಳಿಯನೂ ಪಕ್ಕದ ಮನೆಯ ಮೇಷ್ಟ್ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಹೇಳುತ್ತಿದ್ದಾರೆ, ಏನೋ ಇರಬೇಕು ಎಂದುಕೊಂಡು ಸರಿಸಿದರು. ಕಾರಣ ಗೊತ್ತಿದ್ದದ್ದು ವೈರ್ ಮಾಮನಿಗೆ ಮಾತ್ರ. ಹಾಡು ಕೇಳುವ ಹುಚ್ಚಿನಲ್ಲಿ ಕನ್ನಡಕದವರಿಗೆ ಜೊತೆಯಾದ ಹಳೆಯ ಗೆಳೆಯ ಅವನು. ಅಳತೆಯ ಟೇಪಿನ ಒಂದು ತುದಿಯನ್ನು ಸತ್ತವಳ ಹಣೆಯ ನೇರಕ್ಕೆ ಹಿಡಿದು, "ಎರಡೂ ಕಡೆ ಸಮ ಬಂತು ಗುರುವೇ," ಎಂದ.

ಬೀದಿಬಾಗಿಲ ಎಡಕ್ಕೊಂದು ಬಲಕ್ಕೊಂದು, ಬೀರುವಿನಷ್ಟು ಎತ್ತರದ ಎರಡು ಸ್ಪೀಕರುಗಳು ನಿಂತಿದ್ದವು. ಒಳರೂಮಿನಲ್ಲಿದ್ದ ಅವನ್ನು ಬೆಳಗ್ಗೆ ಇವರಿಬ್ಬರೇ ತಳ್ಳಿಕೊಂಡು ಬಂದಿದ್ದರು. ಎರಡರ ದನಿಯೂ ಬಂದು ಕೂಡುವ ಒಂದು ಜಾಗ ಇರುತ್ತದೆ, ಒಂದು ತಲೆ ಹಿಡಿಸುವಷ್ಟು. ಅಲ್ಲಿ ಕೂತರೆ ಹಾಡುವವಳು ನಡುಮನೆಯಲ್ಲಿ ಬಂದು ನಿಂತ ಹಾಗಾಗುತ್ತದೆ ಎಂದು ಕನ್ನಡಕದವರು ಬಂದವರಿಗೆಲ್ಲ ಹೇಳುವುದಿತ್ತು. ಆ ಜಾಗಕ್ಕೇ ಹೆಂಡತಿಯ ತಲೆ ಬರಬೇಕಾಗಿತ್ತು.

"ಅಪ್ಪಾ, ಗಾಡಿ ಬಂದು ನಿಂತಿದೆ," ಎಂದಳು ಮಗಳು.

"ನಿಲ್ಲಲಿ. ಒಂದೇ ಒಂದು ಹಾಡಮ್ಮ. ಪೂರ್ತಿ ಹಾಡು. ಕೇಳಿಸಿ ಕಳಿಸಿಕೊಡ್ತೀನಿ. ಇದನ್ನೆಲ್ಲ ಆರಿಸಿದ್ದು ಯಾರು? ನಿಮ್ಮಮ್ಮ. ಅವಳಿಗಿಷ್ಟೂ ಮಾಡದೆ ಕಳಿಸಿದರೆ ನಾನೆಂಥ ಮನುಷ್ಯ?"

ಮೆಟ್ಟಿಲ ಬಳಿ ನಿಂತ ಹೆಂಗಸರ ಮಾತು ಕಿಟಕಿಯಿಂದ ಒಳಕ್ಕೆ ಬರುತ್ತಿತ್ತು.

"ಇಷ್ಟೊಂದು ಸಾಮಾನು ಇರೋ ಮನೇಲಿ ಕೂರೋಕೊಂದು ಕುರ್ಚಿ ಇಲ್ಲ ನೋಡಿ."

"ಇದೆ, ಒಳರೂಮಲ್ಲಿ ಒಂದು. ಪರೀಕ್ಷೆ ಇದ್ದಾಗ ಆ ಕುರ್ಚಿ ಆಯಮ್ಮನಿಗೆ. ಹಾಡು ಇದ್ದಾಗ ಅವರಿಗೆ."

"ಶ್, ಮಗಳಿದಾಳೆ."

"ಇರಲಿ ಬಿಡಿ. ಅವಳಿಗೆ ಗೊತ್ತಿಲ್ಲದ್ದಾ?"

*

ಕನ್ನಡಕದಂಗಡಿಯಲ್ಲಿ ಅವರದು ಒಳ್ಳೆಯ ಕೈ. ಗಿರಾಕಿಯ ಮೂಗಿನ ಮೇಲೆ ದುಂಡು ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಇಟ್ಟು, "ಮೊದಲನೇದು ಚೆನ್ನಾಗಿ ಕಾಣುತ್ತೋ, ಎರಡನೇದೋ?" ಎಂದು ಕೇಳುತ್ತಿದ್ದರು. ಕೇಳಿ ಸುಮ್ಮನಿರುತ್ತಿದ್ದರು. ಅವಸರ ಮಾಡುತ್ತಿರಲಿಲ್ಲ. ಕಣ್ಣು ದಣಿದ ಗಿರಾಕಿ ಬಾಯಿಗೆ ಬಂದದ್ದನ್ನು ಹೇಳುತ್ತಾನೆ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾದ ಕೂಡಲೆ ಚೌಕಟ್ಟು ತೆಗೆದು, ನೀರು ಕೊಟ್ಟು, ಸ್ವಲ್ಪ ಹೊತ್ತು ಬೀದಿ ನೋಡಿ ಅನ್ನುತ್ತಿದ್ದರು. ಸಂಜೆ ಅಂಗಡಿಗೆ ಬೀಗ ಹಾಕುವಾಗ ಆ ತಿಳಿವಳಿಕೆಯೂ ಒಳಗೇ ಉಳಿದುಬಿಡುತ್ತಿತ್ತೇನೋ.

ಆಕೆ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮುಗಿಸಿ ಮನೆಗೆ ಬಂದರೆ ಒಳರೂಮಿನಲ್ಲಿ ಹೋಲಿಸಿ ಹೇಳಬೇಕಾದ ಎರಡು ಸಾಮಾನು ಕಾಯುತ್ತಿರುತ್ತಿದ್ದವು. ಒಂದು ಸಲ ಆಂಪ್ಲಿಫೈಯರು, ಇನ್ನೊಂದು ಸಲ ರೆಕಾರ್ಡಿನ ಮುಳ್ಳು, ಮತ್ತೊಂದು ಸಲ ಬರೀ ವೈರು. ಆಕೆ ಕೈಚೀಲ ತೊಡೆಯ ಮೇಲಿಟ್ಟುಕೊಂಡೇ ಆ ಕುರ್ಚಿಯಲ್ಲಿ ಕೂರುತ್ತಿದ್ದಳು. ಅವರು ಯಾವಾಗಲೂ ಒಂದೇ ರೆಕಾರ್ಡು ಹಾಕುತ್ತಿದ್ದರು. ಒಬ್ಬ ಹೆಂಗಸಿನ ದನಿ ಮೆಲ್ಲಗೆ ಮೇಲೇರುತ್ತದೆ, ಹಿಂದೆ ಪಿಟೀಲು ಸೇರಿಕೊಳ್ಳುತ್ತದೆ, ಇನ್ನೇನು ಎರಡೂ ಒಟ್ಟಿಗೆ ಇಳಿಯಬೇಕು, ಅಷ್ಟರಲ್ಲಿ ಮುಳ್ಳು ಎತ್ತಿಬಿಡುತ್ತಿದ್ದರು. ವೈರು ಬದಲಿಸಿ ಮತ್ತೆ ಅಷ್ಟೇ ತುಣುಕು. ಪರೀಕ್ಷೆಗೆ ಅಷ್ಟು ಸಾಕು.

"ಮೊದಲನೇದೋ, ಎರಡನೇದೋ?"

ಆಕೆ ಮುಖ ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದಳು. "ಎರಡನೇದು."

"ಯಾಕೆ?"

"ಇದರಲ್ಲಿ ಗಾಳಿ ಜಾಸ್ತಿ ಇದೆ."

"ಗಾಳಿ! ನೋಡು, ಎಂಥ ಮಾತು!" ಎಂದು ಅವರು ಎದ್ದು ವೈರ್ ಮಾಮನಿಗೆ ಫೋನ್ ಮಾಡುತ್ತಿದ್ದರು. "ಗಾಳಿ ಇದೆ ಅಂದ್ಲು ಕಣೋ! ನಂದು ಬರೀ ಕಣ್ಣು. ನಮ್ಮನೇಲಿ ಬಂಗಾರದ ಕಿವಿ ಇದೆ, ನಿಮ್ಮನೇಲಿದೆಯಾ?"

ಬಂಗಾರದ ಕಿವಿ ಅಷ್ಟರಲ್ಲಿ ಅಡುಗೆಮನೆಗೆ ಹೋಗಿ ಒಲೆ ಹಚ್ಚಿರುತ್ತಿತ್ತು.

*

ಎಕ್ಸ್‌ಚೇಂಜಿನಲ್ಲಿ ಆಕೆಯ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಗೆಳತಿ ಏದುಸಿರು ಬಿಡುತ್ತ ಬಂದಳು. ಯಾರನ್ನೂ ಮಾತಾಡಿಸದೆ, ವೈರುಗಳನ್ನು ದಾಟಿ ಮಂಚದ ಬಲಗಡೆಗೆ ಹೋಗಿ, ಸತ್ತವಳ ಕಿವಿಯ ಹತ್ತಿರ ಬಾಗಿದಳು. "ಹೋಗಿಬಿಟ್ಯಲ್ಲೇ, ಹೇಳದೆ ಕೇಳದೆ," ಎಂದಳು.

"ಆ ಕಡೆ ವೈರಿದೆ, ತುಳೀಬೇಡಿ," ಎಂದರು ಕನ್ನಡಕದವರು. "ಎಡಗಡೆಯಿಂದ ಬಂದು ಮಾತಾಡಿಸಿ."

"ಎಡಗಡೆಯಿಂದ ಮಾತಾಡಿಸಿದ್ರೆ ಅವಳಿಗೆ ಯಾವತ್ತು ಕೇಳಿಸಿತ್ತು?" ಎಂದಳು ಗೆಳತಿ ಕಣ್ಣೊರೆಸಿಕೊಳ್ಳುತ್ತ. ಎಲ್ಲರಿಗೂ ಗೊತ್ತಿರುವುದನ್ನು ಹೇಳುವ ದನಿ ಅದು. ತಲೆ ಎತ್ತಿದರೆ ಕನ್ನಡಕದವರು ಅವಳನ್ನೇ ನೋಡುತ್ತಿದ್ದರು. "ಯಾಕೆ? ಆ ಕಿವಿ ಹೋಗಿ ಎಷ್ಟು ಕಾಲ ಆಯ್ತು. ಲೈನಿಗೆ ಸಿಡಿಲು ಬಡಿದ ದಿನ ಪಕ್ಕದಲ್ಲಿದ್ದವಳು ನಾನೇ. ನಿಮಗೆ ಗೊತ್ತಿಲ್ವಾ?"

*

ಆ ದಿನ ಆಕೆ ಮಧ್ಯಾಹ್ನವೇ ಮನೆಗೆ ಬಂದಿದ್ದಳು. ತಲೆಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಸಿಡಿಲಿನ ಸದ್ದು ನೇರ ಒಳಕ್ಕೆ ನುಗ್ಗಿತ್ತು. ಎಕ್ಸ್‌ಚೇಂಜಿನ ಡಾಕ್ಟರು ಎಡಕಿವಿಗೆ ಹತ್ತಿ ಇಟ್ಟು, ಇದು ಮತ್ತೆ ಬರುವುದು ಕಷ್ಟ ಎಂದಿದ್ದರು. ದಾರಿಯುದ್ದಕ್ಕೂ ಆಕೆ ಗಂಡನಿಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡು ಬಂದಳು.

ಗಂಡ ಅಂಗಡಿಗೆ ರಜೆ ಹಾಕಿದ್ದರು. ಈ ಸ್ಪೀಕರುಗಳು ಬಂದದ್ದು ಅಂದೇ. ಪಕ್ಕದಲ್ಲಿ ಹೋಲಿಸಿ ನೋಡಲು ಇನ್ನೊಂದು ಜೊತೆ. ಸಂಜೆಯೊಳಗೆ ಯಾವುದಾದರೂ ಒಂದನ್ನು ವಾಪಸ್ಸು ಕಳಿಸಬೇಕು.

"ಬಂದೆಯಾ! ದೇವರು ಬಂದ ಹಾಗೆ ಬಂದೆ. ಕೂತ್ಕೋ."

"ರೀ, ನನ್ನ ಕಿವಿ..."

"ಏನದು, ಹತ್ತಿ? ಶೀತಾನಾ? ಒಂದು ಗಳಿಗೆ ತೆಗೆದುಬಿಡು."

"ಅದಲ್ಲ ರೀ, ಇವತ್ತು ಲೈನಲ್ಲಿ..."

"ಆಮೇಲೆ ಹೇಳುವೆಯಂತೆ. ಈಗ ಮಾತಾಡಬೇಡ, ಕೇಳು."

ಆಕೆ ಹತ್ತಿ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಹಾಡು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಆಕೆಗೆ ಎಡಗಡೆಯಲ್ಲಿ ಒಂದು ಗೋಡೆ ಎದ್ದ ಹಾಗಿತ್ತು. ಏನೂ ತೋಚದೆ ಗಂಡನ ಮುಖ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. ಕಾಲು ನೋಡಿದಳು.

"ಎರಡನೇದು," ಎಂದಳು.

ಮಾರನೆಯ ದಿನ ಹೇಳಬಹುದಾಗಿತ್ತು. ಅಷ್ಟರಲ್ಲಿ ಅವರು ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದರು. ಆಮೇಲೆ ಹೇಳಿದರೆ ಅವರಿಗೆ ಅವಮಾನವಾದೀತು ಎಂದು ಆಕೆಗೆ ಅನ್ನಿಸಿತು. ಇನ್ನೂ ಕೆಲವು ವರ್ಷ ಕಳೆದ ಮೇಲೆ, ಹೇಳದಿರುವುದರಲ್ಲೇ ಆಕೆಗೊಂದು ಖುಷಿ ಸಿಗತೊಡಗಿತು. ಆ ಮನೆಯಲ್ಲಿ ಗಂಡ ಪರೀಕ್ಷೆ ಮಾಡದೆ ಬಿಟ್ಟದ್ದು ಅದೊಂದೇ.

*

"ತಮಾಷೆಗೂ ಒಂದು ಹೊತ್ತಿರುತ್ತೆ," ಎಂದರು ಕನ್ನಡಕದವರು. "ಇದನ್ನೆಲ್ಲ ಆರಿಸಿದ್ದೇ ಅವಳು. ಒಂದೊಂದು ವೈರನ್ನೂ."

"ಆರಿಸಿದ್ಲು!" ಗೆಳತಿಯ ದುಃಖ ಸಿಟ್ಟಿಗೆ ತಿರುಗಿತು. "ನಿಮ್ಮನ್ನ ನೋಡಿ ಹೇಳ್ತಿದ್ಲು ಕಣ್ರೀ. ನಿಮಗೆ ಬೇಕಾದ್ದು ಬಂದಾಗ ನಿಮ್ಮ ಕಾಲಿನ ಹೆಬ್ಬೆರಳು ಎದ್ದು ನಿಲ್ಲುತ್ತಂತೆ. ಊಟಕ್ಕೆ ಕೂತಾಗ ಮಾಡಿ ತೋರಿಸ್ತಿದ್ಲು. ನಾವು ನಕ್ಕು ನಕ್ಕು ಸಾಯ್ತಿದ್ವಿ."

ನೆರೆದವರ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ಕನ್ನಡಕದವರು ಪಾದವನ್ನು ಹಿಂದಕ್ಕೆಳೆದುಕೊಂಡರು.

"ಗಾಳಿ ಜಾಸ್ತಿ ಇದೆ ಅಂತಿದ್ಲಲ್ಲ?"

"ನಿಮ್ಮ ಸ್ಪೀಕರ್ ಪತ್ರಿಕೇಲಿ ಓದಿದ್ದಂತೆ."

ಅವರು ಮಗಳ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಸ್ಕೂಲಿಗೆ ಹೋಗೋವಾಗಿಂದ ನಾನು ಅಮ್ಮನ ಬಲಗಡೇನೇ ನಡೀತಿದ್ದೆ," ಎಂದಳು ಮಗಳು. "ನಿಮಗೂ ಗೊತ್ತಿದೆ ಅಂದ್ಕೊಂಡಿದ್ದೆ ಅಪ್ಪ. ಗೊತ್ತಿದ್ದೂ ಕೂರಿಸ್ತೀರಿ ಅಂದ್ಕೊಂಡಿದ್ದೆ."

ಅವರು ಎಡಗಡೆಯ ಸ್ಪೀಕರನ್ನು ನೋಡಿದರು. ಆಮೇಲೆ ಮಂಚದ ಮೇಲಿನ ಮುಖವನ್ನು. ಮತ್ತೆ ಸ್ಪೀಕರನ್ನು.

"ಹಾಗಾದರೆ ಹಾಡುವವಳು ನಡುಮನೇಲಿ ಬಂದು ನಿಲ್ಲೋದು... ಅವಳಿಗೆ ಒಂದು ಸಲಾನೂ..."

"ಈಗಲೂ ಅದೇನಾ ಅಪ್ಪ?"

ವೈರ್ ಮಾಮನಿಗೆ ಗೆಳೆಯನನ್ನು ಹೇಗಾದರೂ ಎತ್ತಿ ನಿಲ್ಲಿಸಬೇಕು ಅನ್ನಿಸಿತು. "ಒಂದೇ ಕಿವೀಲಿ ಇಷ್ಟು ಚೆನ್ನಾಗಿ ಆರಿಸಿದಾರೆ ಅಂದ್ರೆ, ಗುರುವೇ..." ಎಂದು ಶುರು ಮಾಡಿ, ಯಾರೂ ತನ್ನ ಕಡೆ ನೋಡದ್ದರಿಂದ ಟೇಪನ್ನು ಸುತ್ತತೊಡಗಿದ.

"ಆದರೂ ಒಂದು ಹಾಡು," ಎಂದರು ಕನ್ನಡಕದವರು. ದನಿ ಸಣ್ಣಗಾಗಿತ್ತು. "ಜೋರಾಗಿ ಇಡ್ತೀನಿ. ಅವಳಿಗೆ ಇಷ್ಟವಾದದ್ದು."

"ಯಾವುದು ಇಷ್ಟ ಅಮ್ಮನಿಗೆ? ಹಾಕಿ. ಅದೇ ಆದ್ರೆ ನಾನೇ ಗಾಡಿಯವರಿಗೆ ಕಾಯೋಕೆ ಹೇಳ್ತೀನಿ."

ಅವರ ಕೈ ರೆಕಾರ್ಡುಗಳ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು. ಪರೀಕ್ಷೆಯ ರೆಕಾರ್ಡಿನ ಮೇಲೆ ಬಂದು ನಿಂತಿತು. ಅಲ್ಲಿಂದಲೂ ಹಿಂದಕ್ಕೆ ಬಂತು. ಗೆಳತಿ ಏನೋ ಹೇಳಲು ಬಾಯಿ ತೆರೆದಳು. ಅವರು ಆಸೆಯಿಂದ ಅವಳನ್ನೇ ನೋಡಿದರು. ಅದನ್ನೂ ಇವರಿಗೆ ಯಾಕೆ ಕೊಡಲಿ ಅನ್ನಿಸಿತೇನೋ, ಅವಳು ತುಟಿ ಬಿಗಿದುಕೊಂಡು ಸತ್ತವಳ ಕೂದಲು ಸರಿಮಾಡತೊಡಗಿದಳು.

ಗಾಡಿಯ ಡ್ರೈವರು ಬಾಗಿಲಿಗೆ ಬಂದು ಒಳಗೆ ಇಣುಕಿದ. "ಅಮ್ಮ, ಈ ಪೆಟ್ಟಿಗೆ ಸರಿಸದೆ ಹೊರಗೆ ತರೋಕಾಗಲ್ಲ."

"ಸರಿಸಿ," ಎಂದಳು ಮಗಳು, ಅಪ್ಪನನ್ನು ಕೇಳದೆ.

ಅಳಿಯ, ಮೇಷ್ಟ್ರು, ವೈರ್ ಮಾಮ, ಡ್ರೈವರು ನಾಲ್ವರೂ ಸೇರಿ ಎಡಗಡೆಯ ಸ್ಪೀಕರಿಗೆ ಕೈ ಹಾಕಿದರು. ಮೇಷ್ಟ್ರ ಮುಖ ಕೆಂಪಾಯಿತು. "ಏನ್ರೀ ಇದು, ಕಲ್ಲು ತುಂಬಿದಾರಾ?"

"ಹುಷಾರು, ಹುಷಾರು!" ಕನ್ನಡಕದವರು ತಟ್ಟನೆ ಜೀವ ಬಂದವರಂತೆ ಕೂಗಿದರು. "ಮುಂದಿನ ಬಟ್ಟೆ ಮುಟ್ಟಬೇಡಿ. ಅಡಿಯಿಂದ ಹಿಡೀರಿ. ಕೆಳಗೆ ಮೊಳೆ ಕಾಲಿದೆ, ಬಾಗಿದರೆ ಹೋಯ್ತು."

ನಾಲ್ವರೂ ಅದನ್ನು ಓರೆ ಮಾಡಿ ಎತ್ತಿ, ಮಂಚದ ಅಂಚಿನಲ್ಲೇ ಒಳಕ್ಕೆ ಸಾಗಿದರು. ಅಡಿಯ ಚೂಪು ಮೊಳೆಯೊಂದು ಬಿಳಿ ಹೊದಿಕೆಯ ಅಂಚಿಗೆ ಸಿಕ್ಕಿಕೊಂಡಿತು. ಪರ್ರೆಂದು ಸದ್ದಾಯಿತು. ಹೊದಿಕೆ ಜಾರಿ ಆಕೆಯ ಎರಡೂ ಪಾದಗಳು ಹೊರಗೆ ಬಂದವು. ಒಡೆದ ಹಿಮ್ಮಡಿಗಳು, ಪಕ್ಕಕ್ಕೆ ವಾಲಿದ ಕಿರುಬೆರಳು.

"ನಿಲ್ಲಿ, ನಿಲ್ಲಿ!" ಎನ್ನುತ್ತ ಕನ್ನಡಕದವರು ಓಡಿಬಂದು ಪಾದಗಳ ಬಳಿ ಮಂಡಿಯೂರಿದರು. ನಾಲ್ವರೂ ಭಾರ ಹೊತ್ತುಕೊಂಡೇ ಕಾದರು. ಅವರ ಕೈ ಸ್ಪೀಕರಿನ ಅಡಿಗೆ ಹೋಯಿತು. ಬೆರಳು ಮೊಳೆಯ ತುದಿಯನ್ನು ಹುಡುಕಿ, ನೆಟ್ಟಗಿದೆಯೇ ಎಂದು ಒಂದು ಸುತ್ತು ಸವರಿತು. ಆಮೇಲೆ ಅವರು ಹೊದಿಕೆಯ ಕಡೆ ಕೈ ಚಾಚಿದರು. ಅಷ್ಟರಲ್ಲಿ ಮಗಳು ಅದನ್ನು ಎಳೆದು ಅಮ್ಮನ ಪಾದ ಮುಚ್ಚಿ, ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು.