ದಂಡೆಯ ಮೇಲೆ ನಿಂತು ನೋಡಿದ ಹನಿ

"ವಿಡಿಯೊ ಉಲ್ಟಾ ಓಡಿಸಿ ಯಾರ ಕಣ್ಣಿಗೆ ಮಣ್ಣೆರಚ್ತೀಯಮ್ಮ? ಇದು ಸುಳ್ಳು ಲೆಕ್ಕ!"

"ಏನಂದ್ರಿ? ನನ್ನ ಮಗಳು ಸುಳ್ಳಿ ಅಂದ್ರಾ? ಇನ್ನೊಂದ್ಸಲ ಅನ್ರಿ, ನೋಡೋಣು!"

ಬಾಗಿಲಲ್ಲಿ ನಿಂತು ಗುಡುಗಿದವನು ಮಾರೆಪ್ಪ. ಮೆಟ್ರಿ ಊರಿನ ಕಾಲುವೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರಗಂಟಿ. ಮಗಳು ದುರ್ಗಾಗೆ ಬುತ್ತಿ ಕೊಡಲು ಹೊಸಪೇಟೆಯ ಕಾಲೇಜಿಗೆ ಬಂದು, ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗೆ ಪರೀಕ್ಷಕ ಆಡಿದ ಮಾತು ಕಿವಿಗೆ ಬಿದ್ದದ್ದೇ ಎದ್ದುಬಂದ.

"ಅಪ್ಪ, ಸುಮ್ನಿರು."

"ನೀ ಸುಮ್ನಿದ್ದದ್ದಕ್ಕ ಇವರ ಬಾಯಿ ಇಷ್ಟು ದೊಡ್ಡದಾಗೇತಿ!"

ದುರ್ಗಾಳ ಮೂರು ವರ್ಷದ ಸಂಶೋಧನೆಗೆ ಅಂದು ಪರೀಕ್ಷೆ. ಪರೀಕ್ಷಕ ಕಿರಣ್ ಕುಮಾರ್ ಸಹಿ ಹಾಕದಿದ್ದರೆ ಅಷ್ಟೂ ನೀರುಪಾಲು. ಆತ ಸಂಡೂರಿನ ಗಣಿಗಳಲ್ಲಿ ಆಳೆತ್ತರದ ಪೈಪುಗಳ ಹರಿವು ಅಳೆದು ಹೆಸರು ಮಾಡಿದವನು.

"ಕುಂದ್ರಿ ಮಾರೆಪ್ಪನವರ," ಎಂದು ದುರ್ಗಾಳ ಗುರು ಲಲಿತಾ ಮೇಡಂ ಕುರ್ಚಿ ಎಳೆದು ಕೊಟ್ಟರು.

ಮಾರೆಪ್ಪ ಕೂರಲಿಲ್ಲ, ಪರದೆ ನೋಡಿದ. ಕೂದಲೆಳೆಯಷ್ಟು ಸಣ್ಣ ಗಾಜಿನ ಕಾಲುವೆ ಅಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಅದರಲ್ಲಿ ಎಣ್ಣೆಯ ನಡುವೆ ಒಂದು ನೀರಿನ ಹನಿ. ಹನಿಯೊಳಗೆ ಮಿಣಮಿಣ ಹೊಳೆಯುವ ಕಣಗಳು. ಅವುಗಳ ಓಟವನ್ನೇ ಹಿಡಿದು ದುರ್ಗಾ ಹನಿಯೊಳಗಿನ ಹರಿವು ಅಳೆದಿದ್ದಳು. ನಡುವಿನ ಕಣಗಳು ಮುಂದಕ್ಕೆ ಹೋಗುತ್ತಿದ್ದವು, ಗೋಡೆ ಬದಿಯವು ಹಿಂದಕ್ಕೆ.

"ಮುಂದೆ ಹೋಗೋ ಹನಿಯೊಳಗೆ ನೀರು ಹಿಂದೆ ಹೋಗುತ್ತಾ?" ಎಂದ ಕಿರಣ್ ಕುಮಾರ್.

"ಸರ್, ಹನಿ ಒಂದೇ ಕಡೆ ನಿಂತಂಗ ಕಾಣ್ಲಿ ಅಂತ ಅದು ಸರದಂಗ ಚಿತ್ರಾನೂ ಸರಿಸಿ ಜೋಡಿಸೀನಿ, ಅದಕ್ಕ..."

"ಕಥೆ ಬೇಡ!"

ಮಾರೆಪ್ಪ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಸಾಹೇಬ್ರ, ಈ ತಪ್ಪು ನಾನೂ ಮಾಡೀನಿ. ನೀರು ಎಷ್ಟು ಜೋರು ಐತಿ ಅಂತ ನೋಡಾಕ ಕಾಲುವಿ ನಡುವ ಜ್ವಾಳದ ದಂಟು ಒಗೀತೀವ್ರಿ. ಅದರ ಸಮಕ್ಕ ದಂಡಿ ಮ್ಯಾಲ ಹೆಜ್ಜಿ ಎಣಿಸ್ಕೋತ ನಡೀಬೇಕು. ಮೊದಲ್ನೇ ವರ್ಷ ದಂಟಿನ ಮ್ಯಾಲ ಕಣ್ಣು ನೆಟ್ಟು ನಡೆಯಾಕತ್ತಿದ್ದ ನನಗ ಬದಿ ನೊರಿ ಹಿಂದಕ್ಕ ಹೊಂಟಂಗ ಕಂಡ್ತು. ಬದೀಗೆ ನೀರು ಡ್ಯಾಮಿಗೆ ವಾಪಸ್ ಹೊಂಟೈತಿ ಅಂತ ಓಡಿಹೋಗಿ ಹೇಳಿದೆ. ನಮ್ಮ ಹಿರ್ಯಾ ಕಾಳಪ್ಪ, 'ಕಾಲು ನಿಲ್ಸಿ ನೋಡಲೇ ಮಂಗ್ಯಾ' ಅಂದ. ನಿಂತು ನೋಡಿದ್ರ ಎಲ್ಲಾ ಮುಂದಕ್ಕೇ! ನಡುವಿಂದು ಜೋರು, ಬದೀದು ನಿಧಾನ, ಅಷ್ಟ."

ಮಗಳ ಕಡೆ ತಿರುಗಿದ. "ನೀ ಹನಿ ಜೋಡಿ ನಡದೀಯವ್ವ. ಇವರನ್ನ ದಂಡಿ ಮ್ಯಾಲ ನಿಂದ್ರಿಸು."

ದುರ್ಗಾ ಜೋಡಣೆ ತೆಗೆದು ಮೂಲ ಚಿತ್ರ ಓಡಿಸಿದಳು. ಹನಿ ಎಡದಿಂದ ಬಲಕ್ಕೆ ಸರಿಯಿತು. ನಡುವಿನ ಕಣಗಳು ದೌಡಾಯಿಸಿದವು, ಗೋಡೆ ಬದಿಯವು ತೆವಳಿದವು. ಹಿಂದೆ ಹೋಗುವ ಕಣ ಒಂದೂ ಇರಲಿಲ್ಲ.

"ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದ ಕಿರಣ್ ಕುಮಾರ್.

"ಮೂರು ಸಲ ಹೇಳಿದೆ ಸರ್. ನೀವು ಬಿಡ್ಲಿಲ್ಲ."

ಲಲಿತಾ ಮೇಡಂ ಕಾಗದ ಮುಂದೆ ಸರಿಸಿದರು. ಆತ ಹಾಳೆ ಹರಿಯುವಂತೆ ಒತ್ತಿ ಸಹಿ ಗೀಚಿ, "ಒಂದು ಫೋನ್ ಮಾಡಿ ಬರ್ತೀನಿ," ಎಂದು ಎದ್ದು ಹೊರನಡೆದ.

ಮಾರೆಪ್ಪ ಈಗ ಕೂತ. ತಾನು ಹೆಜ್ಜೆಯಲ್ಲಿ ಅಳೆಯುವುದನ್ನು ಮಗಳು ಕಣ್ಣಿಗೇ ಕಾಣದ ಹನಿಯೊಳಗೆ ಅಳೆದಿದ್ದಳು. ಎದೆ ಉಬ್ಬಿಬಂತು.

"ನೀ ಜೋಡಿಸಿದ್ದನ್ನ ಇನ್ನೊಮ್ಮೆ ಓಡ್ಸವ್ವ. ಹನಿ ಜೋಡಿ ನಡದು ನೋಡ್ತೀನಿ."

ಆರು ಸಲ ನೋಡಿದ. ಅಷ್ಟರಲ್ಲಿ ಪರೀಕ್ಷಕರಿಗೆಂದು ತಂದಿಟ್ಟ ಚಹಾ ಕೆನೆಗಟ್ಟಿತ್ತು. ಕಿರಣ್ ಕುಮಾರ್ ವಾಪಸು ಬರಲೇ ಇಲ್ಲ. ಆ ಚಹಾವನ್ನೂ ಮಾರೆಪ್ಪನೇ ಕುಡಿದ.