ಬಿಡುಗಡೆಯ ದಿನದ ಗಿರಾಕಿ

ಕೋಟಿನ ಒಂದು ತೋಳಿಗೆ ಕೈ ತೂರಿಸಿಕೊಂಡ ಅಪ್ಪ ಇನ್ನೊಂದು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಹಿಂದಿನ ಬೀದಿಯಿಂದ ಹೊರಟ್ರೆ ಬರ್ತೀನಿ. ಚೌಕದ ಮೇಲೆ ಹೋಗೋದಾದ್ರೆ ನೀವೇ ಹೋಗ್ಬನ್ನಿ."

ಮಗಳು ಕೋಟಿನ ಖಾಲಿ ತೋಳು ಹಿಡಿದುಕೊಂಡು ನಿಂತೇ ಇದ್ದಳು. "ಹಿಂದಿನ ಬೀದೀಲಿ ಚರಂಡಿ ಅಗೆದು ಹಾಕಿದಾರಪ್ಪ. ಆ ಕಲ್ಲುಮಣ್ಣಿನ ಮೇಲೆ ಅಮ್ಮನ್ನ ಕುಲುಕಿಸ್ಕೊಂಡು ಹೋಗೋಣ್ವಾ?"

"ನಂಗೆ ಹಲ್ಲುನೋವು."

ಮೂಲೆಯಲ್ಲಿ ಕೂತು ಅಳುತ್ತಿದ್ದ ಚಿಕ್ಕಮ್ಮ ಅಳು ನಿಲ್ಲಿಸಿ ತಲೆ ಎತ್ತಿದಳು. "ಯಾವ ಹಲ್ಲು ಭಾವ? ಬಾಯಲ್ಲಿ ಒಂದಾದ್ರೂ ಉಳಿದಿದ್ರೆ ತೋರ್ಸಿ, ನೋಡೋಣ!"

ಅಪ್ಪನ ಹಲ್ಲುನೋವು ಬರುತ್ತಿದ್ದದ್ದು ವರ್ಷಕ್ಕೊಂದೇ ಸಲ, ಊರಿನ ಬಿಡುಗಡೆಯ ದಿನ. ಯುದ್ಧದಲ್ಲಿ ಊರನ್ನು ಹಿಡಿದಿಟ್ಟುಕೊಂಡಿದ್ದ ಪರದೇಶದ ಸೈನ್ಯ ಓಡಿಹೋದ ದಿನ ಅದು. ಊರಿಗೆ ಊರೇ ಚೌಕದಲ್ಲಿ ಸೇರಿ, ಬ್ಯಾಂಡು ಬಾರಿಸಿ, ಸತ್ತವರನ್ನು ನೆನೆಯುವಾಗ ಅಪ್ಪ ಮನೆಯ ಮುಂಭಾಗದ ಕ್ಷೌರದಂಗಡಿಯ ಬಾಗಿಲು ಎಳೆದುಕೊಂಡು, ಹಿಂದಿನ ಕೋಣೆಯಲ್ಲಿ ಮುಸುಕು ಹೊದ್ದು ಮಲಗುತ್ತಿದ್ದ. ಯಾಕೆಂದರೆ ಅವನು ಬಂದದ್ದೇ ಆ ಸೈನ್ಯದ ಜೊತೆ. ಊರಿಗೆ ಹೇಳಿದ್ದು ಮಾತ್ರ ಬೇರೆ: ಅಮ್ಮನ ಕಡೆಯ ದೂರದ ಸಂಬಂಧಿ, ಕೆಲಸ ಹುಡುಕಿಕೊಂಡು ಬಂದವನು ಎಂದು. ಆ ಸುಳ್ಳಿಗೆ ಮನೆಮಂದಿಯೆಲ್ಲ ನೀರೆರೆದು ಬೆಳೆಸಿದ್ದರು.

ಅಮ್ಮ ಪ್ರತಿವರ್ಷ ಚೌಕಕ್ಕೆ ಒಬ್ಬಳೇ ಹೋಗುತ್ತಿದ್ದಳು, ಪಕ್ಕದಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಆ ದಿನ ಒಂದೇ ಒಂದು ಸಲ ಗಂಡನ ಜೊತೆ ಚೌಕ ದಾಟಬೇಕು, ಅವಳಿಗಿದ್ದ ಆಸೆ ಅದೊಂದೇ. ಮೊನ್ನೆ ಕಣ್ಣು ಮುಚ್ಚಿದಳು. ಇವತ್ತು ಅವಳ ಮಣ್ಣು, ಬಿಡುಗಡೆಯ ದಿನವೂ ಇವತ್ತೇ; ಇದು ಬಿಟ್ಟರೆ ಆ ಆಸೆಗೆ ಇನ್ನೊಂದು ದಿನವಿಲ್ಲ.

*

ಸೈನ್ಯ ಬಂದು ಅಮ್ಮನ ಅಪ್ಪನ ಕ್ಷೌರದಂಗಡಿಯನ್ನು ಕಿತ್ತುಕೊಂಡಾಗ, ಸೈನ್ಯದ ಜೊತೆ ಬಂದಿದ್ದ ಕ್ಷೌರಿಕ ಹುಡುಗನಿಗೆ ಊರಿನ ಭಾಷೆಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: ಬಿಸಿನೀರು. ಅಮ್ಮ ಮುಖ ಗಂಟಿಕ್ಕಿಕೊಂಡು ಒಳಗಿಂದ ತಂದುಕೊಡುತ್ತಿದ್ದಳು. ಬರಬರುತ್ತ, ಕುರ್ಚಿಯಲ್ಲಿ ಗಿರಾಕಿ ಇರಲಿ ಬಿಡಲಿ, ಹುಡುಗ ಬಿಸಿನೀರು ಕೇಳುವುದು ಹೆಚ್ಚಾಯಿತು.

"ಇಷ್ಟು ನೀರಲ್ಲಿ ನಿಮ್ಮ ಸೈನ್ಯಕ್ಕೆಲ್ಲ ಸ್ನಾನ ಮಾಡಿಸ್ಬೋದಿತ್ತು," ಎಂದು ಅಮ್ಮ ಒಂದು ದಿನ ನಕ್ಕೇಬಿಟ್ಟಳು. ಅವನಿಗೆ ಮಾತು ಅರ್ಥವಾಗಲಿಲ್ಲ, ನಗು ಅರ್ಥವಾಯಿತು.

ಸೈನ್ಯ ಗಂಟುಮೂಟೆ ಕಟ್ಟಿ ಓಡಿದಾಗ ಅವನು ಓಡಲಿಲ್ಲ. ಬೆಳಗಾದದ್ದೇ ತಡ, ಊರಿನವರು ದೊಣ್ಣೆ ಹಿಡಿದು, ಉಳಿದುಕೊಂಡ ಸೈನಿಕರಿಗಾಗಿ ಮನೆಮನೆ ಜಾಲಾಡತೊಡಗಿದರು. ಅಮ್ಮ ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ಕಣ್ಣೆರಡು ಬಿಟ್ಟು ಮುಖಕ್ಕೆಲ್ಲ ಸೋಪಿನ ನೊರೆ ಮೆತ್ತಿ, ಹುಟ್ಟಿದಾಗಿನಿಂದ ಮುಟ್ಟದ ಕ್ಷೌರದ ಕತ್ತಿಯನ್ನು ಕೈಗೆತ್ತಿಕೊಂಡಳು. ಗುಂಪು ಬಾಗಿಲಿಗೆ ಬರುವಷ್ಟರಲ್ಲಿ ಅವನ ಗದ್ದದಿಂದ ರಕ್ತ ಇಳಿಯುತ್ತಿತ್ತು.

"ಯಾರದು?"

"ಗಿರಾಕಿ," ಅಂದಳು ಅಮ್ಮ.

ಗುಂಪು ಹೊರಟುಹೋಯಿತು. ಊರಿನ ಕಣ್ಣಿಗೆ ಮಣ್ಣೆರಚಿದೆವು ಎಂದು ಇಬ್ಬರೂ ಬದುಕಿಡೀ ನಂಬಿದರು.

*

ಅಮ್ಮನ ಶವಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ಬಿಗಿಯಲು ಬಂದಿದ್ದ ಮುದಿ ಬಡಗಿ ಬಾಗಿಲಲ್ಲೇ ನಿಂತ. ಅಮ್ಮನನ್ನು ಅಕ್ಕ ಅಕ್ಕ ಎನ್ನುತ್ತಲೇ ಬೆಳೆದವನು.

"ಏನಂತೆ ಭಾವಂದು?"

"ಇನ್ನೇನು, ಹಲ್ಲುನೋವು," ಅಂದಳು ಚಿಕ್ಕಮ್ಮ.

ಬಡಗಿ ಸ್ಕ್ರೂಡ್ರೈವರನ್ನು ಕಿಟಕಿಯ ಮೇಲಿಟ್ಟ. "ಭಾವ, ಅವತ್ತು ದೊಣ್ಣೆ ಹಿಡ್ಕೊಂಡು ನಿಮ್ಮ ಅಂಗಡಿಗೆ ಬಂದ ಗುಂಪಲ್ಲಿ ನಾನೂ ಇದ್ದೆ. ಇನ್ನೂ ಮೀಸೆ ಬಂದಿರ್ಲಿಲ್ಲ, ದೊಣ್ಣೆ ಮಾತ್ರ ಎಲ್ಲರದಕ್ಕಿಂತ ದೊಡ್ಡದು."

ಅಪ್ಪ ಗೋಡೆಗೆ ಒರಗಿದ.

"ಅಕ್ಕ ಮುಖಕ್ಕೇನೋ ನೊರೆ ಮೆತ್ತಿದ್ಲು, ಮೈಗೆ ಬಟ್ಟೆ ಮುಚ್ಚಿದ್ಲು. ಕಾಲು? ಬಟ್ಟೆ ಕೆಳಗೆ ಸೈನ್ಯದ ಬೂಟು ಭಾವ! ಲಾಳ ಹೊಡ್ದಿದ್ದು, ಮೊಣಕಾಲುದ್ದದ್ದು. ಕುರುಡನಿಗೂ ಕಾಣೋ ಹಾಗೆ ಚಾಚ್ಕೊಂಡು ಕೂತಿದ್ರಿ."

ಅಪ್ಪ ತಲೆ ಬಗ್ಗಿಸಿ ತನ್ನ ಕಾಲು ನೋಡಿಕೊಂಡ.

"ಎಲ್ರೂ ನೋಡಿದ್ರಾ?" ಅಪ್ಪ ಪಿಸುಗುಟ್ಟಿದ.

"ಎಲ್ರೂ. ನಮ್ಮಪ್ಪ ದೊಣ್ಣೆ ಎತ್ತಿದ್ದೂ ಆಗಿತ್ತು. ಅಕ್ಕನ ಕೈ ನೋಡಿ ಇಳಿಸ್ದ. ಕತ್ತಿ ಹಿಡಿದ ಕೈ ಗಡಗಡ ನಡುಗ್ತಿದೆ, ನೀವು ನೋಡಿದ್ರೆ ಅದರ ಕೆಳಗೆ ಮಿಸುಕಾಡದೆ ಕೂತಿದೀರಿ. 'ಇವಳನ್ನ ಇಷ್ಟು ನಂಬಿದವನನ್ನ ಹೊಡೆಯೋಕೆ ನನ್ನ ಕೈಲಾಗಲ್ಲ, ನಡೀರಿ' ಅಂದ. ಅಷ್ಟೇ ನಡೆದದ್ದು. ಊರಲ್ಲಿ ಮಕ್ಕಳು ಮೊಮ್ಮಕ್ಕಳಿಗೂ ಈ ಕತೆ ಗೊತ್ತು."

ಮಗಳಿಗೆ ಸಿಟ್ಟೇ ಬಂತು. "ಇಷ್ಟು ವರ್ಷ ಒಂದು ಮಾತು ಹೇಳ್ಬಾರ್ದಿತ್ತಾ ಮಾವ?"

"ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರಿ, ಹೇಗಮ್ಮ ಕೆಡಿಸೋದು? ಹಲ್ಲುನೋವು ಅಂದ್ರೆ ಹಲ್ಲುನೋವು ಅಂತ ಊರೇ ಸುಮ್ಮನಿತ್ತು." ಬಡಗಿಯ ಕಣ್ಣು ತುಂಬಿತು. "ಅಕ್ಕ ಇದ್ದಾಗಲೇ ಹೇಳ್ಬೇಕಿತ್ತು. ತಪ್ಪಾಯ್ತು."

ಅಪ್ಪ ಮೆಲ್ಲಗೆ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿದ. "ಬೂಟು ಬಿಚ್ಚಿಸೋದು ಮರೆತ್ಯಲ್ಲೇ," ಅಂದ. ನಗುತ್ತಿದ್ದಾನೋ ಅಳುತ್ತಿದ್ದಾನೋ ಮಗಳಿಗೆ ತಿಳಿಯಲಿಲ್ಲ. ಆಮೇಲೆ ಉಳಿದ ಕೈಯನ್ನೂ ಕೋಟಿನ ಖಾಲಿ ತೋಳಿಗೆಂದು ಮಗಳತ್ತ ಚಾಚಿದ.

*

ಪೆಟ್ಟಿಗೆ ಹೊತ್ತವರ ಜೊತೆ ಚೌಕದ ತಿರುವಿಗೆ ಬಂದಾಗ ಅಪ್ಪನ ಕಾಲು ಮತ್ತೆ ತಡೆಯಿತು. ಕಿವಿಯಲ್ಲಿ ಕೇಳಿದ್ದೇ ಬೇರೆ, ತುಂಬಿದ ಚೌಕದೊಳಗೆ ಕಾಲಿಡುವುದೇ ಬೇರೆ. ಜನರೆಲ್ಲ ಆ ಕಡೆಯ ವೇದಿಕೆಗೆ ಮುಖಮಾಡಿ ನಿಂತಿದ್ದರು. ಮಗಳು ಅವನ ಮೊಣಕೈ ಹಿಡಿದು ಕಾದಳು, ಎಳೆಯಲಿಲ್ಲ.

ಅಪ್ಪ ಕಣ್ಣು ಕಿರಿದು ಮಾಡಿದ. ಊರಿನ ಗಂಡಸರ ಮುಖಕ್ಕಿಂತ ಹೆಚ್ಚಾಗಿ ಅವರ ಹಿಂದಲೆ ಅವನಿಗೆ ಪರಿಚಯ.

"ಏನಿದು ಅವತಾರ?" ಎಂದು ಗೊಣಗಿದ. "ಕಿವಿ ಮುಚ್ಚೋ ಹಾಗೆ ಕೂದಲು! ಇವತ್ತಿನ ದಿನವೂ ಹೀಗೇ ಬಂದಿದಾರಲ್ಲ?"

ಪ್ರತಿವರ್ಷ ಬಿಡುಗಡೆಯ ದಿನದ ಮುನ್ನಾದಿನ ಅಪ್ಪನ ಅಂಗಡಿಯ ಮುಂದೆ ನೂಕುನುಗ್ಗಲು. ನಿನ್ನೆ ಅಂಗಡಿ ಮುಚ್ಚಿತ್ತು, ಅದೇನೋ ಸರಿ. ಆದರೆ ಸ್ಟೇಷನ್ನಿನ ಹತ್ತಿರ ದೊಡ್ಡ ಕನ್ನಡಿಗಳ ಹೊಸ ಸಲೂನುಗಳು ಸಾಲಾಗಿ ತೆರೆದೇ ಇದ್ದವು. ಮಗಳು ಈ ಮಾತು ಹೇಳುವಷ್ಟರಲ್ಲಿ ಬ್ಯಾಂಡು ನಿಂತಿತು. ಜನ ಒಬ್ಬೊಬ್ಬರಾಗಿ ತಿರುಗಿದರು.

ಇಸ್ತ್ರಿ ಮಾಡಿದ ಅಂಗಿ, ಪಾಲಿಶು ಹಾಕಿದ ಶೂ, ಎದೆಗೆ ರಿಬ್ಬನ್ನು. ಮುಖದ ತುಂಬ ಮಾತ್ರ ಕುರುಚಲು ಗಡ್ಡ. ಬೇಕರಿಯವನಿಗೆ, ಬಸ್ಸಿನ ಡ್ರೈವರನಿಗೆ, ಶಾಲೆಯ ಮೇಷ್ಟ್ರಿಗೆ, ವೇದಿಕೆಯ ಮೇಲೆ ಭಾಷಣ ಕೈಯಲ್ಲಿ ಹಿಡಿದಿದ್ದ ಪುರಸಭೆಯ ಅಧ್ಯಕ್ಷರಿಗೆ ಕೂಡ. ಒಬ್ಬನೂ ಬೇರೆ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ.

ಯಾರೂ ಹೇಳದೆ ಗುಂಪು ನಡುವೆ ದಾರಿ ಬಿಟ್ಟಿತು. ಅಪ್ಪ ಪೆಟ್ಟಿಗೆಯ ಮೇಲೆ ಒಂದು ಕೈಯಿಟ್ಟು, ಅಮ್ಮನ ಜೊತೆಜೊತೆಗೆ ಚೌಕದೊಳಕ್ಕೆ ನಡೆದ. ನಡುಮಧ್ಯದಲ್ಲಿ, ತುತ್ತೂರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದ ದಪ್ಪ ಬ್ಯಾಂಡ್ ಮಾಸ್ತರನ ಮುಂದೆ ಅವನ ಇನ್ನೊಂದು ಕೈ, ಅವನನ್ನೂ ಕೇಳದೆ, ಮೇಲೆದ್ದು ಆ ಒರಟು ಕೆನ್ನೆಯನ್ನು ಸವರಿತು. ಮಾಸ್ತರ ಕಣ್ಣು ಮುಚ್ಚಿದ, ಕುರ್ಚಿಯಲ್ಲಿ ಕೂತವನ ಹಾಗೆ ಗದ್ದ ಮೇಲೆತ್ತಿದ.