ಪರದೆಯ ಆಚೆಗಿನ ಕಾಲುಗಳು

ಮನಃಶಾಸ್ತ್ರದ ಮೊದಲ ಪಾಠಕ್ಕೆ ಹೊರಟ ದಿನ ಅಕ್ಕ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

"ಇನ್ನು ನಿನ್ನ ಮುಂದೆ ಏನೂ ಯೋಚನೆ ಮಾಡೋ ಹಾಗಿಲ್ಲ ಬಿಡು. ಎಲ್ಲ ಓದ್ಕೊಂಡುಬಿಡ್ತೀಯ."

"ನಿನ್ನ ತಲೇಲಿ ಓದೋ ಅಂಥದ್ದು ಏನಿದೆ?" ಎಂದು ನಾನು ಹೇಳಿದ್ದು ಬೀದಿಯ ತಿರುವು ದಾಟಿದ ಮೇಲೆ, ನನಗೆ ನಾನೇ. ನನ್ನ ಉತ್ತರಗಳೆಲ್ಲ ಹಾಗೇ, ತಡವಾಗಿ ಬರುತ್ತವೆ. ಡಿಗ್ರಿ ಮುಗಿದಿದ್ದರೂ ಮೂವರು ಸೇರಿದ ಕಡೆ ನನಗೆ ಬಾಯಿ ಕಟ್ಟುತ್ತದೆ. ಇಳಿಯುವ ಜಾಗ ಬಂದರೂ ಬಸ್ಸು ನಿಲ್ಲಿಸಿ ಎನ್ನಲಾರದೆ ಮುಂದೆಲ್ಲೋ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು. ವಾಚಾಳಿತನವೆಲ್ಲ ದಿನಚರಿಯಲ್ಲಿ.

ಪಾಠ ಸಂಜೆಯ ಹೊತ್ತು, ಪಶ್ಚಿಮಕ್ಕೆ ಕಿಟಕಿಗಳಿದ್ದ ಕೋಣೆಯಲ್ಲಿ. ಬಿಸಿಲು ಓರೆಯಾಗಿ ಬಿದ್ದು ಬೆಂಚುಗಳ ಮೇಲೆ ಮಲಗಿರುತ್ತಿತ್ತು. ಪಾಠ ಹೇಳುವವರಿಗೆ ನಾವು ಇಟ್ಟ ಹೆಸರು ಮೆಲುದನಿ ಮೇಡಂ. ಅವರ ದನಿ ಎಷ್ಟು ಸಣ್ಣದೆಂದರೆ ಇಡೀ ತರಗತಿ ಗಾಳಿಗೆ ಬಾಗಿದ ಪೈರಿನ ಹಾಗೆ ಮುಂದಕ್ಕೆ ಬಾಗಿ ಕೇಳುತ್ತಿತ್ತು. ಪ್ರತಿಯೊಂದು ಕಣ್ಣಿನಲ್ಲೂ ಏನೂ ಕಾಣದ ಒಂದು ಜಾಗವಿದೆಯಂತೆ. ಮನಸ್ಸು ಅಕ್ಕಪಕ್ಕದ ಬಣ್ಣದಿಂದ ಅದಕ್ಕೆ ತೇಪೆ ಹಾಕಿಬಿಡುತ್ತದಂತೆ. ಅದನ್ನು ಕೇಳಿದ ದಿನ ಮನೆಗೆ ಬರುವಾಗ ಬೀದಿಯೇ ಅನುಮಾನ ಹುಟ್ಟಿಸಿತು. ಈ ಗೋಡೆಯಲ್ಲಿ ಎಷ್ಟು ನಿಜವಾದ ಗೋಡೆ, ಎಷ್ಟು ನನ್ನ ತೇಪೆ? ಬೇಲಿಯ ಮೇಲೆ ಕೂತ ಬೆಕ್ಕನ್ನು ನೋಡುತ್ತ ಒಂದು ಕಣ್ಣು ಮುಚ್ಚಿ ನಿಂತೆ. ಬೆಕ್ಕು ಎದ್ದು ಹೋಯಿತು.

ನೆನಪಿನ ಪಾಠ ಬಂದ ದಿನ ಮೇಡಂ ಹೇಳಿದರು: "ಪೆಟ್ಟಿಗೆಯಿಂದ ಮಡಿಸಿಟ್ಟ ಬಟ್ಟೆ ತೆಗೆದ ಹಾಗೆ ನೆನಪನ್ನ ತೆಗೀತೀವಿ ಅಂದ್ಕೊಂಡಿದೀರಿ. ಪ್ರತಿ ಸಲ ಹೊಸದಾಗಿ ಹೊಲಿಯೋದೇ ಅದು. ಮೂರು ವರ್ಷ ತುಂಬೋಕೆ ಮುಂಚಿನದು ನೆನಪಿದೆ ಅಂದ್ರೆ, ಬಹಳ ಮಟ್ಟಿಗೆ ಅದು ಮನೆಯವರು ಹೇಳಿದ ಕತೆ. ಹೋಗಿ, ನಿಮ್ಮ ಮೊಟ್ಟಮೊದಲ ನೆನಪನ್ನ ದೊಡ್ಡವರ ಹತ್ರ ವಿಚಾರಿಸಿಕೊಂಡು ಬನ್ನಿ."

ಎಲ್ಲರೂ ನಕ್ಕರು. ನನಗೆ ಮೂರು ತುಂಬುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಅವಳದೆಂದು ನನ್ನಲ್ಲಿ ಇರುವುದು ಒಂದೇ ಒಂದು ನೆನಪು.

ಅದು ಹೀಗಿದೆ. ನಾನು ಒಂದು ದೊಡ್ಡ ಮೇಜಿನ ಕೆಳಗೆ ಕೂತಿದ್ದೇನೆ. ಸುತ್ತಲೂ ಮೇಜಿನಿಂದ ಇಳಿಬಿದ್ದ ಕೆಂಪು ಮಖಮಲ್ಲು. ಅದರ ಮೂಲಕ ಸೋಸಿ ಬರುವ ಬೆಳಕಿನಲ್ಲಿ ನನ್ನ ಕೈಯೂ ಕೆಂಪು. ಮೇಲೆ ಹೊಲಿಗೆ ಮಷೀನಿನ ಗರಗರ. ಮುಂದೆ, ಕಬ್ಬಿಣದ ಪೆಡಲ್ಲಿನ ಮೇಲೆ, ಮೇಲೆ ಕೆಳಗೆ ತೂಗುವ ಎರಡು ಕಾಲು. ಅಮ್ಮನ ಕಾಲು. ನಾನು ಅದಕ್ಕೆ ಕೆನ್ನೆ ಆನಿಸುತ್ತೇನೆ. ನಾನೂ ತೂಗುತ್ತೇನೆ.

ತೊಂದರೆ ಏನೆಂದರೆ, ಇದೇ ನೆನಪು ಅಕ್ಕನಿಗೂ ಇದೆ. ಮೇಜಿನ ಕೆಳಗೆ ಇದ್ದದ್ದು ತಾನು ಎನ್ನುತ್ತಾಳೆ. ಅಮ್ಮ ಹೋದಾಗ ಅವಳಿಗೆ ಐದು. ಚಿಕ್ಕವರಿದ್ದಾಗ ಇದಕ್ಕಾಗಿ ಜುಟ್ಟು ಜುಟ್ಟು ಹಿಡಿದು ಜಗಳವಾಡಿದ್ದೇವೆ. ಈಗ ಮೇಡಂ ಮೆಲ್ಲಗೆ ಅಕ್ಕನ ಪರವಾಗಿ ತೀರ್ಪು ಕೊಟ್ಟಂತಾಯಿತು. ಹಾಗಾದರೆ ನಾನು ಇಷ್ಟು ವರ್ಷ ಕೆನ್ನೆ ಆನಿಸಿದ್ದು ಬರೀ ಅಕ್ಕನ ಮಾತಿಗೆ.

ನಮ್ಮನ್ನು ಸಾಕಿದವಳು ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ. ಅವಳದು ಪರದೆ ಹೊಲಿಯುವ ಅಂಗಡಿ. ನಾಟಕಶಾಲೆ, ಆಸ್ಪತ್ರೆ, ಸಭಾಂಗಣ, ಎಲ್ಲಿ ಏನನ್ನು ಮರೆ ಮಾಡಬೇಕೋ ಅಲ್ಲಿಗೆಲ್ಲ ಅವಳ ಪರದೆಗಳು ಹೋಗುತ್ತವೆ. ಅಮ್ಮನೂ ಅಲ್ಲೇ ದುಡಿದವಳು. ಅಕ್ಕ ಈಗ ಅಲ್ಲೇ ಬಟ್ಟೆ ಕತ್ತರಿಸುತ್ತಾಳೆ. ಅವಳು ಗಿರಾಕಿಯೊಬ್ಬರ ಕಿಟಕಿ ಅಳೆಯಲು ಹೋದ ಹೊತ್ತು ನೋಡಿ ನಾನು ಒಳಗೆ ಹೋದೆ.

ದೊಡ್ಡಮ್ಮನ ತುಟಿಗಳ ನಡುವೆ ಗುಂಡುಸೂಜಿಗಳ ಸಾಲು. "ಊಂ?" ಎಂದಳು.

"ಕ್ಲಾಸಿಗೆ ಒಂದು ವಿಷಯ ಬೇಕಿತ್ತು ದೊಡ್ಡಮ್ಮ. ಅಮ್ಮ ಮಷೀನ್ ತುಳೀತಿದ್ದಾಗ ಕೆಳಗೆ ಕೂತಿರ್ತಿದ್ದದ್ದು ನಾನಾ, ಅಕ್ಕನಾ?"

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು. "ನಿಮ್ಮಮ್ಮನಾ? ಮಷೀನಾ? ಅವಳು ಕೂತ್ರೆ ಮೊಳ ಹೊಲಿಯೋಕೆ ಮುಂಚೆ ದಾರ ಕಿತ್ತು ಕೈಗೆ ಬರೋದು. ತುಳೀತಿದ್ದದ್ದು ನಾನು ಕಣೆ. ಅವಳು ಆ ಕಡೆ ನಿಂತು ಭಾರ ಹಿಡೀತಿದ್ದಳು."

ಭಾರ ಹಿಡಿಯುವುದು ಈ ಅಂಗಡಿಯ ಕೆಲಸಗಳಲ್ಲಿ ಒಂದು. ದಪ್ಪ ಪರದೆಯನ್ನು ಒಬ್ಬರೇ ಹೊಲಿಯಲಾಗದು. ಬಟ್ಟೆ ತನ್ನ ತೂಕಕ್ಕೆ ಜಗ್ಗಿದರೆ ಸೂಜಿ ಮುರಿಯುತ್ತದೆ. ಒಬ್ಬರು ಹೊಲಿಯುವಾಗ ಇನ್ನೊಬ್ಬರು ಎದುರು ನಿಂತು, ಮಲಗಿದ ಮಗುವನ್ನು ಎತ್ತಿದ ಹಾಗೆ ಅದನ್ನು ತೋಳುಗಳ ಮೇಲೆ ಹೊತ್ತು, ಹೊಲಿಗೆ ಸಾಗಿದ ಹಾಗೆ ಅಡ್ಡಡ್ಡ ಹೆಜ್ಜೆ ಇಡಬೇಕು.

"ನಾವಿಬ್ಬರೂ ಅಮ್ಮನ ಕಾಲು, ಅಮ್ಮನ ಕಾಲು ಅಂತ ಕಿತ್ತಾಡ್ತಿದ್ದಾಗ ಯಾಕೆ ಹೇಳಲಿಲ್ಲ ನೀನು?"

"ನನ್ನ ಕಾಲಿಗೆ ಅಷ್ಟು ಮರ್ಯಾದೆ ಇನ್ಯಾರು ಕೊಡ್ತಾರೆ ಅಂತ ಸುಮ್ನಿದ್ದೆ." ನಕ್ಕಳು. ನಗು ಅರ್ಧದಲ್ಲೇ ಸವೆದುಹೋಯಿತು. "ಅಳೋ ಮಕ್ಕಳಿಗೆ ಯಾರ ಕಾಲಾದರೇನು ಅನ್ನಿಸ್ತು ಆಗ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

"ಕೆಳಗಿದ್ದದ್ದು ಯಾರು ಹಾಗಾದ್ರೆ?"

"ಯಾರಿಗೆ ಗೊತ್ತು! ಬಗ್ಗಿ ನೋಡೋಕೆ ಪುರುಸೊತ್ತು ಎಲ್ಲಿತ್ತು? ಅಳು ಕೇಳಿಸಲಿಲ್ಲ ಅಂದ್ರೆ ಎರಡೂ ನೆಟ್ಟಗಿದಾವೆ ಅಂತ ಲೆಕ್ಕ."

ಮನೆಗೆ ಹೇಗೆ ನಡೆದೆನೋ ತಿಳಿಯದು. ಬಿಸಿಲು ನೀರಿನ ಹಾಗಿತ್ತು, ಎದುರು ಬಂದವರು ಅದರಲ್ಲಿ ತೇಲಿ ಹೋದರು. ನಾನು ಮಾತ್ರ ಮೇಜಿನ ಕೆಳಗೆ ಕೂತೇ ಇದ್ದೆ. ಪೆಡಲ್ಲಿನ ಮೇಲಿನ ಕಾಲುಗಳಿಂದ ದೃಷ್ಟಿ ಕಿತ್ತು ಆ ಕಡೆ ನೋಡಿದೆ. ಮಖಮಲ್ಲಿನ ಅಂಚಿಗೂ ನೆಲಕ್ಕೂ ನಡುವೆ ಇನ್ನೆರಡು ಕಾಲು. ಬರಿಗಾಲು. ಸಣ್ಣ ಸಣ್ಣ ಹೆಜ್ಜೆಯಲ್ಲಿ ಅಡ್ಡಕ್ಕೆ ಸರಿಯುತ್ತ, ನಡುವೆ ನಿಂತು, ಒಂದರ ಹೆಬ್ಬೆರಳಿನಿಂದ ಇನ್ನೊಂದರ ಮೀನಖಂಡವನ್ನು ತೀಡಿಕೊಳ್ಳುತ್ತ. ಅವು ಯಾವಾಗಲೂ ಅಲ್ಲೇ ಇದ್ದವು ಎನ್ನಿಸಿತು. ಮೇಜಿನ ಕಾಲುಗಳ ಬಗ್ಗೆ ಯಾರೂ ಮಾತಾಡದ ಹಾಗೆ, ಅವುಗಳ ಬಗ್ಗೆ ನಾನೂ ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಇಲ್ಲವೇ ದೊಡ್ಡಮ್ಮ ಹೇಳಿದ ಮೇಲೆ ಹುಟ್ಟಿದವೋ?

ಮುಂದಿನ ಪಾಠ ಮುಗಿದ ಮೇಲೆ, ಕೋಣೆ ಖಾಲಿಯಾಗುವ ತನಕ ಚೀಲದ ಜಿಪ್ಪು ಎಳೆಯುತ್ತ ನಿಂತು, ಮೇಡಂ ಬಳಿ ಹೋದೆ. "ಒಂದು ನೆನಪು ನಿಜವಾಗ್ಲೂ ಇತ್ತಾ, ಈಗ ಹುಟ್ಟಿತಾ ಅಂತ ಹೇಗೆ ಗೊತ್ತಾಗುತ್ತೆ ಮೇಡಂ?" ನನ್ನ ದನಿ ಅವರದಕ್ಕಿಂತ ಸಣ್ಣದಾಗಿತ್ತು. ಈ ಸಲ ಅವರು ಬಾಗಿದರು.

"ಒಳಗಿನಿಂದ ನೋಡಿದ್ರೆ ಗೊತ್ತಾಗಲ್ಲಮ್ಮ. ಇನ್ನೊಬ್ಬರ ಹತ್ರ ಹೇಳ್ಕೊಂಡ್ರಂತೂ ಮುಗೀತು. ಅವರದು ನಿಮಗೆ, ನಿಮ್ಮದು ಅವರಿಗೆ ಅಂಟಿಕೊಳ್ಳುತ್ತೆ. ಸ್ವಲ್ಪ ದಿನಕ್ಕೆ ಇಬ್ಬರೂ ಅದು ನಂದೇ ಅಂತ ಆಣೆ ಮಾಡ್ತೀರ."

ರಜೆಯ ಮಧ್ಯಾಹ್ನ. ಅಕ್ಕ ನೆಲದ ಮೇಲೆ ಮಲಗಿ ಕಾಲೆರಡನ್ನೂ ಗೋಡೆಗೆ ಏರಿಸಿದ್ದಳು. ವಾರವಿಡೀ ನಿಂತ ನೋವು ಹಾಗೆ ಇಳಿಯುತ್ತದಂತೆ. ನೆನಪಿನ ಪಾಠದ ವಿಷಯ ಅವಳಿಗೆ ಆಗಲೇ ಹೇಳಿದ್ದೆ. "ಏನಂದ್ರು ನಿಮ್ಮ ಮೇಡಂ? ಗೆದ್ದಿದ್ದು ನಾನೇ ತಾನೇ?"

ಹೇಳಿದೆ. ತುಳಿಯುತ್ತಿದ್ದ ಕಾಲು ದೊಡ್ಡಮ್ಮನದು ಎಂದೆ.

ಅವಳ ಕಾಲುಗಳು ಗೋಡೆಯಿಂದ ಮೆಲ್ಲಗೆ ಜಾರಿದವು. ಯಾವುದಕ್ಕೂ ಒಂದು ಕುಹಕ ಸಿದ್ಧವಿರುವ ನನ್ನ ಅಕ್ಕ.

"ಹಾಗಾದ್ರೆ ನನ್ನ ಹತ್ರ ಅಮ್ಮಂದು ಏನೂ ಇಲ್ಲ," ಎಂದಳು.

"ಆ ಕಡೆ ನಿಂತಿದ್ದ ಕಾಲು ನೆನಪಿಲ್ವಾ?"

"ಯಾವ ಕಾಲು?"

ಅವಳಿಗೆ ಆ ನೆನಪಿರಲಿಲ್ಲ. ಅಕ್ಕನಿಗೆ ಗೊತ್ತಿಲ್ಲದ ಅಮ್ಮ ನನ್ನ ಬಳಿ ಇದ್ದಳು. ಮೇಜಿನ ಕೆಳಗಿದ್ದದ್ದು ನಾನೇ ಎನ್ನಲು ಅಷ್ಟು ಸಾಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆ ಅಮ್ಮ ನನ್ನವಳಾಗಿಯೇ ಉಳಿಯುತ್ತಿದ್ದಳು. ಬಾಯಿ ಮುಚ್ಚಿಕೊಂಡಿರುವುದು ನನಗೆ ಕರಗತವಾದ ವಿದ್ಯೆ ಬೇರೆ. ಹೇಳಿದರೆ ಏನಾಗುತ್ತದೆಂದು ಪಾಠವೂ ಆಗಿತ್ತು.

ಅಕ್ಕ ಕಣ್ಣು ಮುಚ್ಚಿಕೊಂಡಳು. "ಹೇಳೇ."

ಅವಳ ಪಕ್ಕದಲ್ಲಿ ಮಲಗಿದೆ. ಅಂಟಿಕೊಳ್ಳಲಿ ಎಂದು ನಿಧಾನವಾಗಿ ಹೇಳಿದೆ. ಬಟ್ಟೆಯ ಅಂಚು ಎಲ್ಲಿಯವರೆಗೆ ಇಳಿದಿತ್ತು, ಅಡ್ಡ ಹೆಜ್ಜೆ ಎಷ್ಟು ಚಿಕ್ಕದು, ಯಾವ ಕಾಲು ಯಾವ ಕಾಲನ್ನು ತೀಡುತ್ತಿತ್ತು.

"ಚಪ್ಪಲಿ?"

"ಇಲ್ಲ, ಬರಿಗಾಲು. ಹೆಬ್ಬೆರಳಿಗೆ ಬಟ್ಟೆಗೆ ಗೆರೆ ಎಳೆಯೋ ಸೀಮೆಸುಣ್ಣದ ಪುಡಿ ಮೆತ್ತಿತ್ತು." ಅದನ್ನು ಮೊದಲೇ ಕಂಡಿದ್ದೆನೋ, ಹೇಳುವಾಗ ಕಂಡೆನೋ. ನಿಲ್ಲಿಸಲಿಲ್ಲ.

"ನೀಲಿ," ಎಂದಳು ಅಕ್ಕ, ಕಣ್ಣು ತೆರೆಯದೆ. "ನೀಲಿ ಸೀಮೆಸುಣ್ಣ."

ನನ್ನದು ಅಲ್ಲಿಯವರೆಗೆ ಬಿಳಿ.

"ಹೌದು," ಎಂದೆ. "ನೀಲಿ."